ರಾಯಪುರಂ: ಕನ್ನಡ ನಾಡಿನ ಮೊದಲ ರೈಲುದಾರಿಗೆ ಮೂಲವಾದ ಹಳೆಯ ನಿಲ್ದಾಣ

ಚೆನ್ನೈಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ರೈಲು ನಿಲ್ದಾಣವೆಂದರೆ ಸೆಂಟ್ರಲ್. ಬೆಂಗಳೂರಿಗೆ ಹೋಗುವ ಬೃಂದಾವನ, ಮೈಸೂರಿಗೆ ಹೋಗುವ ಕಾವೇರಿ, ಮಂಗಳೂರಿಗೆ ಹೋಗುವ ಮೇಲ್, ಇವೆಲ್ಲವನ್ನೂ ನಾವು ಹತ್ತುವುದು ಆ ಕೆಂಪು ಕಟ್ಟಡದಲ್ಲಿ. ಊರಿನಿಂದ ಬರುವ ಹಿರಿಯರನ್ನು ಎದುರುಗೊಳ್ಳುವುದು, ಮದುವೆಯಾಗಿ ಹೋಗುವ ಮಗಳನ್ನು ಕಳುಹಿಸಿಕೊಡುವುದು ಅದರ ಗಡಿಯಾರದ ಗೋಪುರದ ಕೆಳಗೆ. ಹೀಗಿರುವಾಗ ನಮ್ಮ ನಾಡಿಗೆ ಹೊರಟ ಮೊದಲ ರೈಲುದಾರಿ ಆರಂಭವಾದದ್ದು ಸೆಂಟ್ರಲ್‌ನಿಂದಲ್ಲ, ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿರುವ ರಾಯಪುರಂ ನಿಲ್ದಾಣದಿಂದ ಎಂದರೆ ನಮ್ಮಲ್ಲಿ ಅನೇಕರಿಗೆ ಅಚ್ಚರಿಯಾಗಬಹುದು.

ಈ ಅಚ್ಚರಿ ನಮಗೂ ಆಗಿದೆ. ಬ್ಯಾಂಕಿನ ನೌಕರಿಯ ನಿಮಿತ್ತ ಜಾರ್ಜ್ ಟೌನಿನ ಶಾಖೆಯೊಂದರಲ್ಲಿ ಕೆಲವು ವರ್ಷ ದುಡಿದ ನಾವು ಬೀಚ್ ನಿಲ್ದಾಣದಿಂದ ಹೊರಡುವ ಲೋಕಲ್ ರೈಲಿನಲ್ಲಿ ಎಷ್ಟೋ ಬಾರಿ ರಾಯಪುರಂ ಅನ್ನು ದಾಟಿಹೋಗಿದ್ದೇವೆ. ಹಳಿಗಳ ಆಚೆ ಎತ್ತರದ ಕಂಬಗಳ ಒಂದು ಹಳೆಯ ಕಟ್ಟಡ ಕಾಣುತ್ತಿತ್ತು. ಯಾವುದೋ ಉಗ್ರಾಣವಿರಬೇಕು ಎಂದುಕೊಂಡಿದ್ದೆವು. ಅದು ಇಂದಿಗೂ ಉಳಿದಿರುವ ಭಾರತದ ಅತ್ಯಂತ ಹಳೆಯ ರೈಲು ನಿಲ್ದಾಣದ ಕಟ್ಟಡ ಎಂಬುದು ತಿಳಿದದ್ದು ಬಹಳ ತಡವಾಗಿ. ಆ ಅರಿವಿನ ಕೊರತೆಯನ್ನು ಇಷ್ಟಾದರೂ ತುಂಬಿಕೊಳ್ಳಬೇಕೆಂಬ ಉದ್ದೇಶದಿಂದ ರಾಯಪುರದ ಇತಿಹಾಸವನ್ನೂ, ಆ ಇತಿಹಾಸಕ್ಕೂ ಕನ್ನಡ ನಾಡಿಗೂ ಇರುವ ನಂಟನ್ನೂ ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ರೈಲಿಗಿಂತ ಮೊದಲಿನ ರೈಲು

ಭಾರತದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದು 1853ರ ಏಪ್ರಿಲ್ 16ರಂದು, ಬೊಂಬಾಯಿಯ ಬೋರಿಬಂದರಿನಿಂದ ಠಾಣೆಗೆ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಆದರೆ ಹಳಿಯ ಮೇಲೆ ಬಂಡಿ ಎಳೆಯುವ ಪ್ರಯೋಗ ಮದರಾಸಿನಲ್ಲಿ ಅದಕ್ಕೂ ಮೊದಲೇ ನಡೆದಿತ್ತು. 1837ರಲ್ಲಿ ರೆಡ್ ಹಿಲ್ಸ್‌ನಿಂದ ಚಿಂತಾದ್ರಿಪೇಟೆಯವರೆಗೆ ರಸ್ತೆ ಕೆಲಸಕ್ಕೆ ಬೇಕಾದ ಕಲ್ಲು ಸಾಗಿಸಲು ಒಂದು ಚಿಕ್ಕ ರೈಲುದಾರಿ ಸಿದ್ಧವಾಯಿತು. ಅದು ಕಲ್ಲಿನ ರೈಲು, ಜನರ ರೈಲಲ್ಲ. ಹೆಚ್ಚು ಕಾಲ ಬಾಳಲೂ ಇಲ್ಲ. ಆದರೂ ಹಳಿಯ ವಿಚಾರ ಮದರಾಸಿಗೆ ಹೊಸದಾಗಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

1845ರಲ್ಲಿ ಲಂಡನ್ನಿನಲ್ಲಿ ಮದರಾಸ್ ರೈಲ್ವೆ ಕಂಪನಿಯೊಂದು ಹುಟ್ಟಿತಾದರೂ ಕೆಲಸ ಮುಂದುವರಿಯಲಿಲ್ಲ. 1852ರಲ್ಲಿ ಕಂಪನಿ ಹೊಸದಾಗಿ ರಚನೆಗೊಂಡು ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿತು. ಹಣದ ವ್ಯವಹಾರದಲ್ಲಿ ಬದುಕು ಕಳೆಯುತ್ತಿರುವ ನಮಗೆ ಈ ಒಪ್ಪಂದದ ಷರತ್ತುಗಳು ವಿಶೇಷ ಕುತೂಹಲ ಹುಟ್ಟಿಸುತ್ತವೆ. ಬಂಡವಾಳ ಹಾಕುವವರು ಇಂಗ್ಲೆಂಡಿನ ಷೇರುದಾರರು. ಅವರ ಹಣಕ್ಕೆ ವರ್ಷಕ್ಕೆ ಸುಮಾರು ಶೇಕಡ 5ರಷ್ಟು ಬಡ್ಡಿಯನ್ನು ಸರ್ಕಾರ ಖಾತರಿಪಡಿಸಿತ್ತು. ರೈಲು ಅಷ್ಟು ಗಳಿಸದಿದ್ದರೆ ಕೊರತೆಯನ್ನು ಇಲ್ಲಿನ ಸರ್ಕಾರದ ಬೊಕ್ಕಸದಿಂದ ತುಂಬಿಕೊಡಬೇಕು. ದಾರಿಗೆ ಬೇಕಾದ ಭೂಮಿ ಉಚಿತ. ಇಂದಿನ ಮಾತಿನಲ್ಲಿ ಹೇಳುವುದಾದರೆ ಷೇರುದಾರನಿಗೆ ಅದು ನಷ್ಟದ ಭಯವೇ ಇಲ್ಲದ ಠೇವಣಿ. ಆ ಬಡ್ಡಿಯ ಹೊರೆ ಬಿದ್ದದ್ದು ಕಂದಾಯ ಕಟ್ಟುವ ರೈತನ ಮೇಲೆ. ಈ ವ್ಯವಸ್ಥೆಯಿಂದಾಗಿ ಖರ್ಚಿಗೆ ಕಡಿವಾಣವಿಲ್ಲದಂತಾಯಿತು ಎಂದು ಮುಂದೆ ನಮ್ಮ ದೇಶದ ಅರ್ಥಶಾಸ್ತ್ರಜ್ಞರು ಟೀಕಿಸಿದರು. ಆ ಟೀಕೆ ನ್ಯಾಯವಾದುದೇ. ಹಾಗೆಂದೇ ರಾಯಪುರಂ ನಿಲ್ದಾಣವನ್ನು ಕೇವಲ ಇಂಗ್ಲಿಷರು ಕೊಟ್ಟ ಕೊಡುಗೆ ಎಂದು ಎಣಿಸುವುದು ತಪ್ಪಾಗುತ್ತದೆ. ಅದರ ಬೆಲೆಯನ್ನು ತೆತ್ತವರು ಈ ನೆಲದವರು.

1853ರಲ್ಲಿ ಕಾಮಗಾರಿ ಆರಂಭವಾಯಿತು. ಆರಂಭದ ವರ್ಷಗಳಲ್ಲಿ ಜಾರ್ಜ್ ಬಾರ್ಕ್ಲೇ ಬ್ರೂಸ್ ಎಂಬವರು ಕಂಪನಿಯ ಮುಖ್ಯ ಎಂಜಿನಿಯರಾಗಿದ್ದರು. ಮೂರು ವರ್ಷಗಳಲ್ಲಿ ದಾರಿ ಸಿದ್ಧವಾಗಿ, 1856ರ ಜೂನ್ 28ರಂದು ಮದರಾಸಿನ ಗವರ್ನರ್ ಲಾರ್ಡ್ ಹ್ಯಾರಿಸ್ ರಾಯಪುರಂ ನಿಲ್ದಾಣವನ್ನು ಉದ್ಘಾಟಿಸಿದರು. ಸಾರ್ವಜನಿಕರ ಸಂಚಾರ ಆರಂಭವಾದದ್ದು ಜುಲೈ 1ರಂದು. ರೈಲು ಅರಕ್ಕೋಣದ ಮೇಲೆ ವಾಲಾಜಾ ರೋಡ್‌ವರೆಗೆ, ಅಂದರೆ ಸುಮಾರು 100 ಕಿಲೋಮೀಟರು ಓಡುತ್ತಿತ್ತು. ಆರ್ಕಾಟಿಗೆ ಸಮೀಪವಾದುದರಿಂದ ಆ ಕೊನೆಯ ನಿಲ್ದಾಣವನ್ನು ಆಗ ಆರ್ಕಾಟ್ ಎಂದೇ ಕರೆಯುತ್ತಿದ್ದರು. ದಕ್ಷಿಣ ಭಾರತದಲ್ಲಿ ಪ್ರಯಾಣಿಕರ ರೈಲು ಓಡಿದ್ದು ಅದೇ ಮೊದಲು. ದೇಶದಲ್ಲಿ ಬೊಂಬಾಯಿ ಮತ್ತು 1854ರ ಹೌರಾ ದಾರಿಗಳ ನಂತರ ಇದು ಮೂರನೆಯದು.

ಸಮುದ್ರತೀರದ ಆಯ್ಕೆ

ನಿಲ್ದಾಣಕ್ಕೆ ಊರಿನ ಉತ್ತರ ಭಾಗದ ಮೀನುಗಾರರ ಬಡಾವಣೆಯನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆ ಸಹಜ. ರಾಯಪುರಂ ಎಂಬ ಹೆಸರು ಅಲ್ಲಿನ ಸಂತ ಪೀಟರರ ಇಗರ್ಜಿಯಿಂದ ಬಂದುದು ಎಂದು ಸ್ಥಳೀಯರು ಹೇಳುತ್ತಾರೆ. ತಮಿಳಿನಲ್ಲಿ ಪೀಟರ್ ಎಂದರೆ ರಾಯಪ್ಪರ್. ಈ ಬಡಾವಣೆಗೆ ತಾಗಿಕೊಂಡೇ ಇದ್ದುದು ವರ್ತಕರ ಕರಿಯಪಟ್ಟಣ, ಅಂದರೆ ಇಂದಿನ ಜಾರ್ಜ್ ಟೌನ್. ಅದರ ದಕ್ಷಿಣಕ್ಕೆ ಸೇಂಟ್ ಜಾರ್ಜ್ ಕೋಟೆ. ಪೂರ್ವಕ್ಕೆ ಸಮುದ್ರ.

ಆ ಕಾಲದಲ್ಲಿ ಮದರಾಸಿಗೆ ಬಂದರು ಎಂಬುದೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಮಾಡಿದ ಮಸೂಲಾ ದೋಣಿಗಳಲ್ಲಿ ಸರಕನ್ನೂ ಜನರನ್ನೂ ಅಲೆಗಳ ನಡುವೆ ದಡಕ್ಕೆ ತರುತ್ತಿದ್ದರು. ಬಂದರಿನ ಕಾಮಗಾರಿಗೆ ಅಡಿಗಲ್ಲು ಬಿದ್ದದ್ದು 1875ರಲ್ಲಿ. ಹೀಗೆ ದಡಕ್ಕೆ ಬಂದ ಸರಕು ಒಳನಾಡಿಗೆ ಹೋಗಬೇಕಾದರೂ, ಒಳನಾಡಿನ ಸರಕು ಹಡಗು ಸೇರಬೇಕಾದರೂ ರೈಲು ತೀರಕ್ಕೆ ಸಮೀಪದಲ್ಲಿರಬೇಕಿತ್ತು. ರಾಯಪುರದ ಆಯ್ಕೆಯ ಹಿಂದಿರುವುದು ಈ ಸರಳ ಲೆಕ್ಕ. ಮದರಾಸ್ ರೈಲ್ವೆ ತನ್ನ ಮುಖ್ಯ ದಾರಿಯನ್ನು ಪಶ್ಚಿಮ ಕರಾವಳಿಯ ಕಡೆಗೆ ನಡೆಸಿದ್ದೂ ಇದೇ ಲೆಕ್ಕದಿಂದ. ಕಲ್ಲಿಕೋಟೆಯ ಸಮೀಪದ ಬೇಪೂರನ್ನು ಆ ದಾರಿ 1862ರ ವೇಳೆಗೆ ಮುಟ್ಟಿತು. ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರದವರೆಗೆ ಹಳಿ ಹಾಸಿದಂತಾಯಿತು.

ಬೆಂಗಳೂರಿಗೆ ಬಂದ ಹಳಿ

ಈ ಮುಖ್ಯ ದಾರಿಯಲ್ಲಿ ಜೋಲಾರಪೇಟೆ ಎಂಬ ಊರಿದೆ. ಬೆಂಗಳೂರು ರೈಲಿನಲ್ಲಿ ಓಡಾಡುವ ನಮಗೆಲ್ಲ ಪರಿಚಿತವಾದ ಹೆಸರು. ಇಲ್ಲಿಂದ ಕವಲೊಡೆದ ದಾರಿ ಘಟ್ಟವನ್ನು ಹತ್ತಿ, ಕುಪ್ಪಂ, ಬಂಗಾರಪೇಟೆ, ಮಾಲೂರುಗಳ ಮೇಲೆ ಬೆಂಗಳೂರು ದಂಡಿಗೆ ಬಂದು ಸೇರಿತು. ಬೆಂಗಳೂರು ದಂಡು ನಿಲ್ದಾಣ ಸಂಚಾರಕ್ಕೆ ತೆರೆದದ್ದು 1864ರ ಆಗಸ್ಟ್ 1ರಂದು. ಮೈಸೂರು ಸಂಸ್ಥಾನಕ್ಕೆ ರೈಲು ಬಂದದ್ದು ಅಂದೇ ಮೊದಲು.

ಅಂದು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಲೂಯಿನ್ ಬೌರಿಂಗ್ ಆಗಿನ ಕಮಿಷನರ್. ಬಂಗಾರಪೇಟೆಗೆ ಬಹುಕಾಲ ಬೌರಿಂಗ್‌ಪೇಟೆ ಎಂಬ ಹೆಸರಿದ್ದದ್ದು ಅವರ ನೆನಪಿಗಾಗಿ. ಬೆಂಗಳೂರಿನ ದಂಡು ಪ್ರದೇಶ ಮದರಾಸಿನ ಸೈನ್ಯದ ದೊಡ್ಡ ನೆಲೆಯಾಗಿದ್ದುದರಿಂದ ಕೋಟೆಗೂ ದಂಡಿಗೂ ನಡುವೆ ವೇಗದ ಸಂಪರ್ಕ ಬೇಕಾಗಿತ್ತು. ರೈಲು ನಿಂತದ್ದು ಪೇಟೆಯ ಬಳಿಯಲ್ಲಲ್ಲ, ದಂಡಿನಲ್ಲಿ ಎಂಬುದೇ ಈ ಉದ್ದೇಶವನ್ನು ತೋರಿಸುತ್ತದೆ. ಬೆಂಗಳೂರು ಪೇಟೆಯ ಬಳಿ ಇಂದಿನ ಸಂಗೊಳ್ಳಿ ರಾಯಣ್ಣ ನಿಲ್ದಾಣದ ಜಾಗಕ್ಕೆ ಹಳಿ ಮುಂದುವರಿದದ್ದು 1880ರ ದಶಕದಲ್ಲಿ.

ಆದರೂ ರೈಲು ಯಾರಿಗಾಗಿ ಬಂದರೂ ಅದನ್ನು ಹತ್ತುವವರು ಎಲ್ಲರೂ ಆಗುತ್ತಾರೆ. ಎತ್ತಿನ ಬಂಡಿಯಲ್ಲಿ ಛತ್ರದಿಂದ ಛತ್ರಕ್ಕೆ ತಂಗುತ್ತ ದಿನಗಟ್ಟಲೆ ಸವೆಸಬೇಕಾಗಿದ್ದ ಮದರಾಸಿನ ದಾರಿ ಇದ್ದಕ್ಕಿದ್ದಂತೆ ಕಿರಿದಾಯಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಅದಕ್ಕೆ ಮೊದಲು ನಮ್ಮ ನಾಡಿನ ವಿದ್ಯಾರ್ಥಿಗೆ ಬಿ.ಎ. ಪದವಿ ಕೊಡುತ್ತಿದ್ದುದು ಮದರಾಸ್ ವಿಶ್ವವಿದ್ಯಾನಿಲಯ. ಕಾನೂನು, ವೈದ್ಯ, ಎಂಜಿನಿಯರಿಂಗ್ ಕಲಿಯಬೇಕೆಂದವರು ಮದರಾಸಿನ ಕಾಲೇಜುಗಳಿಗೆ ಬರುತ್ತಿದ್ದರು. ಬಳ್ಳಾರಿಯೂ ದಕ್ಷಿಣ ಕನ್ನಡವೂ ಮದರಾಸು ಪ್ರಾಂತ್ಯಕ್ಕೇ ಸೇರಿದ್ದುದರಿಂದ ಅಲ್ಲಿನವರಿಗೆ ಹೈಕೋರ್ಟೂ ಇಲ್ಲಿಯೇ, ಸರ್ಕಾರದ ಕಚೇರಿಗಳೂ ಇಲ್ಲಿಯೇ. ಚೆನ್ನೈಯ ಕನ್ನಡಿಗರು ಹೊರಗಿನಿಂದ ಬಂದು ಸೇರಿದವರು ಎಂದು ಭಾವಿಸುವವರು ಈ ಹಳೆಯ ಸಂಬಂಧವನ್ನು ಮರೆಯಬಾರದು.

ಬೆಂಗಳೂರಿನ ದಾರಿಯ ಜೊತೆಗೆ ಇನ್ನೊಂದನ್ನೂ ಇಲ್ಲಿ ಹೇಳಬೇಕು. ಅರಕ್ಕೋಣದಿಂದ ವಾಯವ್ಯಕ್ಕೆ ಕಡಪಾ, ಗುಂತಕಲ್ಲುಗಳ ಮೂಲಕ ಸಾಗಿದ ಮದರಾಸ್ ರೈಲ್ವೆಯ ಎರಡನೆಯ ದಾರಿ 1871ರಲ್ಲಿ ರಾಯಚೂರನ್ನು ಮುಟ್ಟಿತು. ಬೊಂಬಾಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಬಂದು ಕೂಡಿದ್ದು ಅಲ್ಲಿಯೇ. ಬೊಂಬಾಯಿ ಮತ್ತು ಮದರಾಸು ಎಂಬ ಎರಡು ಮಹಾನಗರಗಳು ರೈಲಿನಿಂದ ಕೈಕೈ ಹಿಡಿದದ್ದು ಕನ್ನಡದ ನೆಲದಲ್ಲಿ ಎಂಬುದು ಹೆಮ್ಮೆಯ ಸಂಗತಿ. ಅದೇ ಕಾಲಕ್ಕೆ ಗುಂತಕಲ್ಲಿನಿಂದ ಬಳ್ಳಾರಿಗೂ ರೈಲು ಬಂತು.

ಧಾತು ಈಶ್ವರ ಸಂವತ್ಸರದ ಬರ

ಈ ದಾರಿಗಳ ಇತಿಹಾಸದಲ್ಲಿ ಅತ್ಯಂತ ಕಠಿಣವಾದ ಅಧ್ಯಾಯ 1876ರಿಂದ 1878ರವರೆಗಿನ ಮಹಾಕ್ಷಾಮ. ನಮ್ಮ ಹಿರಿಯರು ಅದನ್ನು ಧಾತು ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿಯೂ ಬಳ್ಳಾರಿ ಸೀಮೆಯಲ್ಲಿಯೂ ಮಳೆ ಕೈಕೊಟ್ಟು ಬೆಳೆ ನಾಶವಾಯಿತು. ಬಂಗಾಳ ಮತ್ತಿತರ ಕಡೆಗಳಿಂದ ಹಡಗುಗಳಲ್ಲಿ ಅಕ್ಕಿ ಮದರಾಸಿಗೆ ಬಂತು. ಸಮುದ್ರದ ದಡದಲ್ಲಿ ಧಾನ್ಯದ ಮೂಟೆಗಳು ಗುಡ್ಡೆಗುಡ್ಡೆಯಾಗಿ ಬಿದ್ದಿರುವ 1877ರ ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಆ ಧಾನ್ಯ ಒಳನಾಡಿಗೆ ಹೊರಟದ್ದು ಮದರಾಸ್ ರೈಲ್ವೆಯ ಗೂಡ್ಸು ಬಂಡಿಗಳಲ್ಲಿ.

ಆ ರೈಲು ಎಷ್ಟು ಜನರ ಹೊಟ್ಟೆಗೆ ಅನ್ನ ತಲುಪಿಸಿತು ಎಂಬುದು ನೇರವಾಗಿ ಉತ್ತರಿಸಬಹುದಾದ ಪ್ರಶ್ನೆಯಲ್ಲ. ರೈಲು ಇದ್ದಲ್ಲಿ ಧಾನ್ಯ ಬಂದುದು ನಿಜ. ಆದರೆ ಇಡೀ ಸಂಸ್ಥಾನದಲ್ಲಿ ಆಗ ಇದ್ದುದು ಬೆಂಗಳೂರಿನಿಂದ ಪೂರ್ವದ ಗಡಿಯವರೆಗಿನ ಹಳಿ ಮಾತ್ರ. ಬೆಂಗಳೂರಿನಲ್ಲಿ ಇಳಿಸಿದ ಮೂಟೆಗಳನ್ನು ತುಮಕೂರಿಗೋ ಚಿತ್ರದುರ್ಗಕ್ಕೋ ಹಾಸನಕ್ಕೋ ಒಯ್ಯಬೇಕಾದರೆ ಎತ್ತಿನ ಬಂಡಿಗಳೇ ಗತಿ. ಮೇವು ನೀರಿಲ್ಲದೆ ಎತ್ತುಗಳೂ ಸತ್ತಿದ್ದವು. ಹಳಿ ಮುಗಿದಲ್ಲಿಯೇ ಧಾನ್ಯದ ಪಯಣವೂ ಕುಂಟಿತು. ಇನ್ನೊಂದು ಕಡೆ, ಬೆಲೆ ಎಲ್ಲಿ ಹೆಚ್ಚೋ ಅಲ್ಲಿಗೆ ಧಾನ್ಯ ಸಾಗಿಸಲು ವರ್ತಕರಿಗೂ ಅದೇ ರೈಲು ಅನುಕೂಲವಾಯಿತು. ಕೊಳ್ಳಲು ಕಾಸಿಲ್ಲದ ಬಡವನಿಗೆ ರೈಲು ಬಂದರೂ ಒಂದೇ, ಬಾರದಿದ್ದರೂ ಒಂದೇ ಎಂಬಂತಾಯಿತು.

1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೂ ತುಸು ಹೆಚ್ಚಾಗಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟು ಮನೆಗಳು ಬರಿದಾದವು ಎಂಬುದನ್ನು ಯಾವ ಲೆಕ್ಕದ ಪುಸ್ತಕವೂ ಹೇಳಲಾರದು.

ಬರದಿಂದ ಸಂಸ್ಥಾನ ಕಲಿತ ಪಾಠವೂ ಇದೆ. ಹಳಿ ದಂಡಿನಲ್ಲಿಯೇ ನಿಲ್ಲಬಾರದು, ಒಳಸೀಮೆಗೂ ಹೋಗಬೇಕು ಎಂಬ ಅರಿವು ಬಂತು. ಬರಪರಿಹಾರದ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ದಾರಿಯ ಕೆಲಸ ಸಾಗಿ, ದಿವಾನ್ ಸಿ. ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಅದು ಮೀಟರ್ ಗೇಜ್ ದಾರಿ. ಮದರಾಸಿನಿಂದ ಬಂದುದು ಬ್ರಾಡ್ ಗೇಜ್. ಮೈಸೂರಿಗೆ ಹೋಗುವವರು ಬೆಂಗಳೂರಿನಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸುವ ಪದ್ಧತಿ ಹುಟ್ಟಿದ್ದು ಹೀಗೆ. ನಮ್ಮ ತಲೆಮಾರಿನವರೂ ಬಾಲ್ಯದಲ್ಲಿ ಅದನ್ನು ಅನುಭವಿಸಿದ್ದೇವೆ.

ಸೆಂಟ್ರಲ್ ಬಂತು, ರಾಯಪುರಂ ಹಿಂದೆ ಸರಿಯಿತು

ಮದರಾಸು ದಕ್ಷಿಣಕ್ಕೂ ಪಶ್ಚಿಮಕ್ಕೂ ಬೆಳೆಯುತ್ತಿತ್ತು. ಪ್ರಯಾಣಿಕರ ಸಂಖ್ಯೆ ಹೆಚ್ಚಿದಂತೆ ರಾಯಪುರಂ ಒಂದೇ ಸಾಲದಾಯಿತು. 1873ರಲ್ಲಿ ಪಾರ್ಕ್ ಟೌನಿನಲ್ಲಿ ಎರಡನೆಯ ನಿಲ್ದಾಣವೊಂದು ತೆರೆಯಿತು. ಜಾರ್ಜ್ ಹಾರ್ಡಿಂಗ್ ಅದರ ವಿನ್ಯಾಸ ಮಾಡಿದರು. ಮದರಾಸಿನ ಅನೇಕ ಭವ್ಯ ಕಟ್ಟಡಗಳಿಗೆ ಕಾರಣರಾದ ರಾಬರ್ಟ್ ಚಿಸಮ್ ಅದಕ್ಕೆ ಅಂತಿಮ ರೂಪ ಕೊಟ್ಟರು. ಅದೇ ನಾವೆಲ್ಲ ಬಲ್ಲ ಸೆಂಟ್ರಲ್. 2019ರಿಂದ ಅದರ ಹೆಸರು ಪುರಟ್ಚಿ ತಲೈವರ್ ಡಾ. ಎಂ.ಜಿ. ರಾಮಚಂದ್ರನ್ ಸೆಂಟ್ರಲ್. ಹಲವು ವರ್ಷ ಎರಡೂ ನಿಲ್ದಾಣಗಳು ಜೊತೆಜೊತೆಯಾಗಿ ನಡೆದವು. 1907ರಲ್ಲಿ ರಾಯಪುರದ ಹಳಿ ಬೀಚ್‌ವರೆಗೆ ಮುಂದುವರಿಯಿತು. ಸೆಂಟ್ರಲ್ ಮುಖ್ಯ ನಿಲ್ದಾಣವಾಯಿತು. ರಾಯಪುರಂ ದೂರದ ಪ್ರಯಾಣಿಕರ ಪಾಲಿಗೆ ಮರೆಯಾಗುತ್ತ ಹೋಯಿತು.

ಇಲ್ಲಿ ಒಂದು ಕಾಕತಾಳೀಯವನ್ನು ಗಮನಿಸಬೇಕು. ಪಶ್ಚಿಮ ಕರಾವಳಿಯ ಹಳಿ 1888ರಲ್ಲಿ ಕಲ್ಲಿಕೋಟೆಗೆ ಬಂದು, ಉತ್ತರಕ್ಕೆ ಬೆಳೆಯುತ್ತ ಮಂಗಳೂರನ್ನು ಸೇರಿದ್ದು ಅದೇ 1907ರಲ್ಲಿ. ಅಂದರೆ ಮಂಗಳೂರಿಗೆ ರೈಲು ಬರುವ ವೇಳೆಗೆ ಮದರಾಸಿನಲ್ಲಿ ರಾಯಪುರದ ಕಾಲ ಮುಗಿಯುತ್ತಿತ್ತು. ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಹೊರಟು, ಹೋಟೆಲುಗಳಲ್ಲಿ ದುಡಿದು, ಮುಂದೆ ಸ್ವಂತ ಹೋಟೆಲು ತೆರೆದು ಈ ನಗರಕ್ಕೆ ಉಡುಪಿಯ ರುಚಿಯನ್ನು ಉಣಬಡಿಸಿದ ನಮ್ಮವರು ಬಂದದ್ದು ಹೆಚ್ಚಾಗಿ ಆ ನಂತರದ ದಶಕಗಳಲ್ಲಿ. ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ಆರಂಭಿಸಿ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ಸ್ಥಾಪಿಸಿದ ಕಥೆ ಈ ನಗರದ ಇತಿಹಾಸದ ಭಾಗವೇ ಆಗಿದೆ. ಆ ಪೀಳಿಗೆಯ ನೆನಪಿನಲ್ಲಿ ಮದರಾಸಿನ ಹೆಬ್ಬಾಗಿಲು ಎಂದರೆ ಸೆಂಟ್ರಲ್. ಅವರ ಮಕ್ಕಳಿಗೂ ಮೊಮ್ಮಕ್ಕಳಿಗೂ ಅದೇ. ರಾಯಪುರಂ ನಮ್ಮ ಮನೆಮಾತುಗಳಲ್ಲಿ ಬಾರದೆ ಹೋದುದಕ್ಕೆ ಇದೇ ಕಾರಣವಿರಬೇಕೆಂದು ನಮಗೆ ತೋರುತ್ತದೆ. ಅದನ್ನು ಬಳಸಿದ ಕನ್ನಡಿಗರು ಇನ್ನೂ ಹಿಂದಿನವರು. ಅವರ ನೆನಪನ್ನು ಹೇಳುವವರು ಉಳಿದಿಲ್ಲ.

ಧಾರವಾಡದ ನಂಟು

ರಾಯಪುರಕ್ಕೂ ಧಾರವಾಡಕ್ಕೂ ಸಂಬಂಧವಿದೆ ಎಂದರೆ ಯಾರಾದರೂ ಹುಬ್ಬೇರಿಸಿಯಾರು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಉತ್ತರ ಕರ್ನಾಟಕದ ಮೀಟರ್ ಗೇಜ್ ದಾರಿಗಳನ್ನು ನಿರ್ಮಿಸಿತು. ಅದರ ಕೇಂದ್ರ ಕಚೇರಿ ಧಾರವಾಡದಲ್ಲಿತ್ತು. 1907ರ ಕೊನೆಗೆ ಮದರಾಸ್ ರೈಲ್ವೆ ಕಂಪನಿಯ ಹಳೆಯ ಒಪ್ಪಂದ ಮುಗಿದು ಅದರ ದಾರಿಗಳು ಸರ್ಕಾರದ ವಶವಾದವು. 1908ರ ಜನವರಿ 1ರಿಂದ ಆ ದಾರಿಗಳ ಬಹುಭಾಗವನ್ನು ಧಾರವಾಡದ ಕಂಪನಿಯೊಡನೆ ಸೇರಿಸಿ ಮದರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ರಚನೆಯಾಯಿತು. ಎಂ.ಎಸ್.ಎಂ. ಎಂಬ ಮೂರಕ್ಷರದಿಂದ ಹಳಬರಿಗೆ ಪರಿಚಿತವಾದ ಈ ಕಂಪನಿಯ ಆಡಳಿತ ರಾಯಪುರದಿಂದ ನಡೆಯಿತು. ಪ್ರಯಾಣಿಕರು ಬಿಟ್ಟುಹೋದ ನಿಲ್ದಾಣಕ್ಕೆ ಕಚೇರಿಯ ಗೌರವ ದೊರೆಯಿತು.

ಅತ್ತ ಧಾರವಾಡದಲ್ಲಿ ರೈಲ್ವೆಯವರು ತೆರವು ಮಾಡಿದ ಭವ್ಯ ಕಟ್ಟಡ ಏನಾಯಿತು? ಅದೇ ಕರ್ನಾಟಕ ಕಾಲೇಜಿನ ಕಟ್ಟಡ. 1917ರಲ್ಲಿ ಆರಂಭವಾದ ಆ ಕಾಲೇಜು ಕನ್ನಡ ನಾಡಿಗೆ ಎಂತಹ ವಿದ್ವಾಂಸರನ್ನೂ ಸಾಹಿತಿಗಳನ್ನೂ ಕೊಟ್ಟಿತು ಎಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಕಚೇರಿಯೊಂದು ಕಳೆದುಹೋದಾಗ ಧಾರವಾಡ ಅದನ್ನು ವಿದ್ಯೆಯ ಮನೆಯಾಗಿಸಿಕೊಂಡಿತು. ಹಳೆಯ ಕಟ್ಟಡವನ್ನು ಉಳಿಸಿಕೊಳ್ಳುವ ಬಗೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎಂ.ಎಸ್.ಎಂ. ಕಚೇರಿಯೂ ರಾಯಪುರದಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಸೆಂಟ್ರಲ್‌ನ ಮಗ್ಗುಲಲ್ಲಿ ಹೊಸ ಕೇಂದ್ರ ಕಚೇರಿ ಎದ್ದುನಿಂತು 1922ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಇಂದಿನ ದಕ್ಷಿಣ ರೈಲ್ವೆಯ ಕೇಂದ್ರ ಕಚೇರಿ ಅದೇ. ಅದನ್ನು ಕಟ್ಟಿದವರು ಬೆಂಗಳೂರಿನ ಗುತ್ತಿಗೆದಾರ ಟಿ. ಸಾಮಿನಾದ ಪಿಳ್ಳೆ ಎಂಬುದು ಇಲ್ಲಿ ಉಲ್ಲೇಖಾರ್ಹ. 1951ರ ಏಪ್ರಿಲ್ 14ರಂದು ಎಂ.ಎಸ್.ಎಂ., ಸೌತ್ ಇಂಡಿಯನ್ ಮತ್ತು ಮೈಸೂರು ಸಂಸ್ಥಾನದ ರೈಲ್ವೆಗಳು ಒಂದಾಗಿ ದಕ್ಷಿಣ ರೈಲ್ವೆ ರೂಪುಗೊಂಡಿತು.

ಇಂದಿನ ರಾಯಪುರಂ

ಹಾಗಾದರೆ ಇಂದು ಅಲ್ಲಿ ಉಳಿದಿರುವುದೇನು? ಬೀಚ್ ನಿಲ್ದಾಣದಿಂದ ತಿರುವಳ್ಳೂರು, ಅರಕ್ಕೋಣಂ ಕಡೆಗೆ ಹೋಗುವ ಲೋಕಲ್ ಹತ್ತಿದರೆ ಮೊದಲು ಸಿಗುವುದೇ ರಾಯಪುರಂ. ಕೆಂಪು ಗೋಡೆ, ಬಿಳಿಯ ಬಣ್ಣದ ಎತ್ತರದ ಕಂಬಗಳು. ಗ್ರೀಸ್ ರೋಮ್‌ಗಳ ದೇವಾಲಯಗಳನ್ನು ನೆನಪಿಸುವ, ಇಂಗ್ಲೆಂಡಿನಲ್ಲಿ ಆ ಕಾಲಕ್ಕೆ ಮೆಚ್ಚುಗೆಯಾಗಿದ್ದ ಶೈಲಿ ಅದು. ಸೆಂಟ್ರಲ್‌ನ ಗೋಪುರವಾಗಲಿ, ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನ ಗುಮ್ಮಟವಾಗಲಿ ಅದಕ್ಕಿಲ್ಲ. ರೈಲು ಎಂಬುದು ಇನ್ನೂ ಹೊಸದಾಗಿದ್ದಾಗ, ನಿಲ್ದಾಣ ಹೇಗಿರಬೇಕೆಂದು ಯಾರಿಗೂ ನಿಶ್ಚಯವಿಲ್ಲದಿದ್ದಾಗ ಕಟ್ಟಿದ ಮನೆಯದು. ನೋಡಿದರೆ ನಿಲ್ದಾಣಕ್ಕಿಂತ ಹೆಚ್ಚಾಗಿ ದೊಡ್ಡ ಬಂಗಲೆಯಂತೆ ಕಾಣುತ್ತದೆ.

ಅದು ಅತ್ಯಂತ ಹಳೆಯದು ಎಂಬ ಮಾತಿನ ಅರ್ಥವನ್ನೂ ಸ್ಪಷ್ಟಪಡಿಸಬೇಕು. ಬೋರಿಬಂದರಿನ ಮೊದಲ ನಿಲ್ದಾಣ ಈಗಿಲ್ಲ. 1878ರಲ್ಲಿ ಆರಂಭವಾಗಿ ಹತ್ತು ವರ್ಷ ನಡೆದ ಕಾಮಗಾರಿಯ ಫಲವಾದ ವಿಕ್ಟೋರಿಯಾ ಟರ್ಮಿನಸ್ ಅದರ ಸ್ಥಾನಕ್ಕೆ ಬಂತು. ಠಾಣೆಯ ಮೂಲ ಕಟ್ಟಡವೂ ಇಲ್ಲ. ಹೌರಾದ ಇಂದಿನ ನಿಲ್ದಾಣ 20ನೆಯ ಶತಮಾನದ ಆರಂಭದ್ದು. ಹೀಗಾಗಿ ಹುಟ್ಟಿದ ವರ್ಷದಲ್ಲಿ ಮೂರನೆಯ ಸಾಲಿನ ರಾಯಪುರಂ, ಉಳಿದಿರುವ ಕಟ್ಟಡಗಳಲ್ಲಿ ಮೊದಲನೆಯದಾಯಿತು. ಮುಂಬಯಿಯೂ ಹೌರಾವೂ ಬೆಳೆದುದರಿಂದ ತಮ್ಮ ಮೊದಲ ನಿಲ್ದಾಣಗಳನ್ನು ಕಳೆದುಕೊಂಡವು. ರಾಯಪುರಂ ಬೆಳೆಯದೆ ಉಳಿದುದರಿಂದಲೇ ಬದುಕಿಕೊಂಡಿತು. ಹೊಸ ನಿಲ್ದಾಣ ಬೇರೊಂದು ಕಡೆ ಎದ್ದುದೇ ಹಳೆಯದಕ್ಕೆ ರಕ್ಷೆಯಾಯಿತು.

ಆದರೆ ಅಲಕ್ಷ್ಯದಿಂದ ಉಳಿದದ್ದು ಅಲಕ್ಷ್ಯದಿಂದಲೇ ಅಳಿಯಲೂಬಹುದು. ಬಹುಕಾಲ ಶಿಥಿಲವಾಗಿದ್ದ ಈ ಕಟ್ಟಡವನ್ನು 2005ರಲ್ಲಿ ದುರಸ್ತಿಪಡಿಸಲಾಯಿತು. ಮರುವರ್ಷ ಅದಕ್ಕೆ 150 ವರ್ಷ ತುಂಬಿತು. ಸೆಂಟ್ರಲ್ ಮತ್ತು ಎಳುಂಬೂರು ನಿಲ್ದಾಣಗಳ ಒತ್ತಡ ಕಡಿಮೆ ಮಾಡಲು ರಾಯಪುರವನ್ನು ದೂರದ ರೈಲುಗಳ ಟರ್ಮಿನಲ್ ಮಾಡಬೇಕೆಂಬ ಬೇಡಿಕೆ ಉತ್ತರ ಚೆನ್ನೈಯ ಜನರಿಂದ ಬಹಳ ವರ್ಷಗಳಿಂದ ಕೇಳಿಬರುತ್ತಿದೆ. ಮೂರನೆಯ ಟರ್ಮಿನಲ್‌ನ ಭಾಗ್ಯ ಒದಗಿದ್ದು ತಾಂಬರಕ್ಕೆ. ಟರ್ಮಿನಲ್ ಬಂದರೆ ಹಳೆಯ ಕಟ್ಟಡಕ್ಕೆ ಧಕ್ಕೆಯಾದೀತೆಂದು ಅಂಜುವವರೂ ಇದ್ದಾರೆ, ಬಾರದಿದ್ದರೆ ಅದು ಪಾಳು ಬಿದ್ದೀತೆಂದು ಅಂಜುವವರೂ ಇದ್ದಾರೆ. ಎರಡು ಅಂಜಿಕೆಗಳೂ ಆಧಾರವಿಲ್ಲದವಲ್ಲ. ನಮ್ಮ ಅಭಿಪ್ರಾಯ ಧಾರವಾಡದ ನಿದರ್ಶನದ ಕಡೆಗೇ ಒಲಿಯುತ್ತದೆ. ಬಳಕೆಯಲ್ಲಿರುವ ಕಟ್ಟಡಕ್ಕೆ ಸುಣ್ಣಬಣ್ಣ ಕಾಣುತ್ತದೆ. ಬೀಗ ಹಾಕಿದ ಕಟ್ಟಡಕ್ಕೆ ಆಲದ ಸಸಿ ಕಾಣುತ್ತದೆ. ಹಳೆಯ ಗೋಡೆ ಕಂಬಗಳಿಗೆ ಕೈಹಚ್ಚದೆ, ಸುತ್ತಲಿನ ವಿಶಾಲ ಜಾಗವನ್ನು ಬಳಸಿಕೊಳ್ಳುವ ಯೋಜನೆಯೇ ಯುಕ್ತವೆಂದು ನಾವು ಭಾವಿಸುತ್ತೇವೆ.

ನಮ್ಮ ಪಾಲಿನ ಕೆಲಸ

ಕಟ್ಟಡವನ್ನು ಕಾಯುವುದು ರೈಲ್ವೆಯವರ ಕೆಲಸ. ನೆನಪನ್ನು ಕಾಯುವುದು ಮಾತ್ರ ನಮ್ಮ ಕೆಲಸ. ಈ ನಗರದಲ್ಲಿ ನಾಲ್ಕೈದು ತಲೆಮಾರುಗಳಿಂದ ಬಾಳುತ್ತಿರುವ ಕನ್ನಡ ಮನೆತನಗಳಿವೆ. ಅವರ ಅಟ್ಟದ ಮೇಲಿನ ಟ್ರಂಕುಗಳಲ್ಲಿ ಹಳೆಯ ಕಾಗದಗಳು, ರೈಲ್ವೆಯಲ್ಲಿ ದುಡಿದ ಅಜ್ಜಂದಿರ ಸೇವಾಪತ್ರಗಳು, ಊರಿಗೆ ಬರೆದ ಪತ್ರಗಳು ಇದ್ದರೂ ಇರಬಹುದು. ರಾಯಪುರದ ಹೆಸರು ಅವುಗಳಲ್ಲಿ ಎಲ್ಲಿಯಾದರೂ ಕಂಡುಬಂದರೆ ಅದು ಇತಿಹಾಸಕ್ಕೆ ದೊಡ್ಡ ಸೇರ್ಪಡೆ. ಹಳೆಯ ಕಾಗದವೆಂದು ತೂಕಕ್ಕೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡುವಂತೆ ಬಂಧುಗಳಲ್ಲಿ ವಿನಂತಿ.

ಇನ್ನೊಂದು ಕೆಲಸ ಇದಕ್ಕಿಂತ ಸುಲಭ. 2022ರ ನವೆಂಬರಿನಿಂದ ಚೆನ್ನೈಯಿಂದ ಮೈಸೂರಿಗೆ ವಂದೇ ಭಾರತ್ ರೈಲು ಓಡುತ್ತಿದೆ. ನಮ್ಮ ಮಕ್ಕಳು ಅದರ ತಣ್ಣನೆಯ ಬೋಗಿಯಲ್ಲಿ ಕುಳಿತು ಜೋಲಾರಪೇಟೆಯ ಘಟ್ಟವನ್ನು ಗಮನಿಸದೆಯೇ ದಾಟುತ್ತಾರೆ. ಆ ಘಟ್ಟಕ್ಕೆ 1864ರಲ್ಲಿ ಹಳಿ ಹತ್ತಿಸಿದವರ ಶ್ರಮವನ್ನಾಗಲಿ, 1877ರಲ್ಲಿ ಅದೇ ಹಳಿಯ ಮೇಲೆ ಅಕ್ಕಿಮೂಟೆಗಳು ಹೋದುದನ್ನಾಗಲಿ ಅವರಿಗೆ ಹೇಳಿದವರಿಲ್ಲ. ಒಂದು ಭಾನುವಾರ ಬೀಚ್‌ನಿಂದ ಲೋಕಲ್ ಹತ್ತಿಸಿ, ಮುಂದಿನ ನಿಲ್ದಾಣದಲ್ಲಿಯೇ ಇಳಿಸಿ, ಆ ಕಂಬಗಳ ಮುಂದೆ ನಿಲ್ಲಿಸಿ ಹೇಳೋಣ: ನಮ್ಮೂರಿಗೆ ಹೋಗುವ ದಾರಿ ಮೊದಲು ಆರಂಭವಾದದ್ದು ಇಲ್ಲಿಂದ ಎಂದು.

ಇಷ್ಟು ವರ್ಷ ಅದನ್ನು ಉಗ್ರಾಣವೆಂದು ತಿಳಿದು ದಾಟಿಹೋದ ನಾವೇ ಈ ಕೆಲಸವನ್ನು ಮೊದಲು ಮಾಡಿದೆವು. ಬಣ್ಣದ ಕಂಬವನ್ನು ಮುಟ್ಟಿನೋಡಿದ ಮನೆಯ ಮಗು, ಇಲ್ಲಿಂದ ಬೆಂಗಳೂರಿಗೆ ಈಗ ರೈಲು ಏಕಿಲ್ಲ ಎಂದು ಕೇಳಿತು. ಆ ಪ್ರಶ್ನೆಗೆ ಉತ್ತರ ಕೊಡಲು ಹೊರಟದ್ದೇ ಈ ಲೇಖನವಾಯಿತು.